ಪಾದಚಾರಿ ಮಾರ್ಗದ ಹೊಣೆ

ಇಟಲಿಯ ಪಾಂಪೆ ನಗರವು ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. ಅಗೆದು ತೆಗೆದ ಅದರ ಬೀದಿಗಳ ಇಕ್ಕೆಲಗಳಲ್ಲಿ, ಕಾಲ್ನಡಿಗೆಯವರಿಗಾಗಿ ಎತ್ತರಿಸಿ ಕಟ್ಟಿದ ಹಾದಿಗಳು ಇಂದಿಗೂ ಕಾಣುತ್ತವೆ. ಇಂಥ ಹಾದಿಯನ್ನು ಯಾರ ಹಣದಿಂದ ಸರಿಪಡಿಸಬೇಕೆಂಬ ಪ್ರಶ್ನೆಯೂ ಅಷ್ಟೇ ಹಳೆಯದು. ದಕ್ಷಿಣ ಇಟಲಿಯ ಹೆರಾಕ್ಲಿಯದ ಬಳಿ ದೊರೆತ ಕಂಚಿನ ಫಲಕವೊಂದರಲ್ಲಿ ಕ್ರಿ.ಪೂ. ಮೊದಲನೆಯ ಶತಮಾನದ ರೋಮನ್ ಶಾಸನವಿದೆ. ಬೀದಿಗೆ ಮುಖಮಾಡಿದ ಮನೆಯ ಒಡೆಯನು ತನ್ನ ಮನೆಯ ಮುಂದಿನ ಭಾಗವನ್ನು ಸುಸ್ಥಿತಿಯಲ್ಲಿಡಬೇಕು. ತಪ್ಪಿದರೆ ಅಧಿಕಾರಿಯು ಗುತ್ತಿಗೆ ಕೊಟ್ಟು ಕೆಲಸ ಮಾಡಿಸಿ, ಹಣವನ್ನು ಅವನ ಮೇಲೆ ಹೊರಿಸಬೇಕು. ಬೀದಿಯ ಒಂದು ಬದಿಗೆ ದೇವಾಲಯವೋ ಸಾರ್ವಜನಿಕ ಕಟ್ಟಡವೋ ಇದ್ದರೆ ಅರ್ಧ ಭಾಗದ ಹೊಣೆ ಆಡಳಿತದ್ದು ಎಂದು ಅದು ವಿಧಿಸುತ್ತದೆ.

ಎರಡು ಸಾವಿರ ವರ್ಷಗಳು ಕಳೆದರೂ ಅಮೆರಿಕದ ಅನೇಕ ನಗರಗಳಲ್ಲಿ ಬಹುಮಟ್ಟಿಗೆ ಇದೇ ನ್ಯಾಯ ಉಳಿದಿದೆಯೆಂದರೆ ಕರ್ನಾಟಕದ ಓದುಗರಿಗೆ ಆಶ್ಚರ್ಯವಾದೀತು. ಇಲ್ಲಿ ಜನರು ಫುಟ್‌ಪಾತು ಎಂದು ಕರೆಯುವ ಪಾದಚಾರಿ ಮಾರ್ಗಕ್ಕೆ ಕಲ್ಲು ಹಾಸಿಸುವುದೂ ಮುರಿದ ಚಪ್ಪಡಿಯನ್ನು ಬದಲಿಸುವುದೂ ನಗರಸಭೆಯ ಅಥವಾ ಮಹಾನಗರಪಾಲಿಕೆಯ ಕೆಲಸ. ಆ ಕೆಲಸ ಎಷ್ಟರಮಟ್ಟಿಗೆ ನಡೆಯುತ್ತದೆಯೆಂಬುದು ಬೇರೆ ಮಾತು. ಅಲ್ಲಿಯಾದರೋ, ಉದಾಹರಣೆಗೆ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, 1911ರ ಕಾಯಿದೆಯಿಂದ ಬಂದ ನಿಯಮದಂತೆ ಮನೆಯ ಮುಂದಿನ ಪಾದಚಾರಿ ಮಾರ್ಗದ ದುರಸ್ತಿ ಮನೆಯ ಒಡೆಯನದು. ಮಾರ್ಗ ಸಾರ್ವಜನಿಕರದು, ನಡೆಯುವವರು ಊರಿನವರೆಲ್ಲರು. ಅದು ಬಿರುಕು ಬಿಟ್ಟಾಗ ಮಾತ್ರ ಹಣ ಒಬ್ಬನದು!

ಈ ನಿಯಮದ ಕಾಠಿಣ್ಯವನ್ನು ತಗ್ಗಿಸಲೆಂದು ಕೆಲವು ನಗರಗಳು ವೆಚ್ಚವನ್ನು ಹಂಚಿಕೊಳ್ಳುವ ಕ್ರಮವನ್ನು ತಂದವು. ಶಿಕಾಗೊ ನಗರದಲ್ಲಿ ಇಂಥದೊಂದು ಯೋಜನೆಯುಂಟು. ಮನೆಯವನು ಅರ್ಜಿ ಹಾಕಿ, ಚದರಡಿಗೆ ಇಷ್ಟೆಂದು ಗೊತ್ತುಮಾಡಿದ ಹಣವನ್ನು ಕಟ್ಟುತ್ತಾನೆ. ಉಳಿದುದನ್ನು ನಗರಾಡಳಿತ ಭರಿಸುತ್ತದೆ. ವೃದ್ಧರಿಗೂ ಅಂಗವಿಕಲರಿಗೂ ರಿಯಾಯಿತಿಯಿದೆ. ಮೊದಲು ಬಂದ ಅರ್ಜಿಗೆ ಮೊದಲ ಮನ್ನಣೆ.

ಮೇಲುನೋಟಕ್ಕೆ ಇದು ಸಮಂಜಸವಾಗಿಯೇ ತೋರುತ್ತದೆ. ಆದರೆ ಇಪ್ಪತ್ತು ಮನೆಗಳ ಒಂದು ಬೀದಿಯನ್ನು ಕಲ್ಪಿಸಿಕೊಂಡರೆ ಇದರ ಕೊರತೆ ಗೋಚರಿಸುತ್ತದೆ. ಅನುಕೂಲವುಳ್ಳ ಹನ್ನೆರಡು ಮನೆಯವರು ತಮ್ಮ ಪಾಲನ್ನು ಕಟ್ಟಿ ಹೊಸ ಚಪ್ಪಡಿ ಹಾಕಿಸಿಕೊಳ್ಳುತ್ತಾರೆ. ಉಳಿದವರಲ್ಲಿ ಒಬ್ಬರು ನಿವೃತ್ತಿವೇತನದಲ್ಲಿ ಬದುಕುವವರು, ಇನ್ನೊಂದು ಮನೆಯ ಒಡೆಯ ದೂರದ ಊರಿನಲ್ಲಿರುವವನು, ಮತ್ತೊಬ್ಬನಿಗೆ ಈ ಗೊಡವೆಯೇ ಬೇಡ. ಗಾಲಿಕುರ್ಚಿಯಲ್ಲಿ ಸಾಗುವವನಿಗೆ ಹನ್ನೆರಡು ಮನೆಗಳ ಮುಂದಿನ ನುಣುಪಾದ ಹಾದಿಯಿಂದ ಬಂದ ಪ್ರಯೋಜನವೇನು? ಹದಿಮೂರನೆಯ ಮನೆಯ ಮುಂದೆ ಅವನು ವಾಹನಗಳ ನಡುವೆ ಇಳಿಯಲೇಬೇಕು. ಇದಕ್ಕಿಂತ ವಿಷಾದದ ಸಂಗತಿ ಇನ್ನೊಂದಿದೆ. ತನ್ನ ಪಾಲಿನ ಹಣವನ್ನು ಕೂಡಿಸಲಾರದ ಬಡವನೂ ತೆರಿಗೆಯನ್ನಂತೂ ಕಟ್ಟುತ್ತಾನೆ. ಆ ತೆರಿಗೆಯಿಂದಲೇ ಅನುಕೂಲಸ್ಥನ ಮನೆಯ ಮುಂದಿನ ಉಳಿದ ಪಾಲು ಸಲ್ಲುತ್ತದೆ. ಹಂಚಿಕೆಯೆಂಬ ಹೆಸರು ಇದ್ದಮಾತ್ರಕ್ಕೆ ಅದು ಸಮವಾದ ಹಂಚಿಕೆಯಾಗುವುದಿಲ್ಲ.

ಲಾಸ್ ಏಂಜಲಿಸ್ ನಗರದ ಅನುಭವ ಇನ್ನೂ ವಿಚಿತ್ರವಾದುದು. ಅಲ್ಲಿ ಬೀದಿಯ ಬದಿಗೆ ನೆರಳಿಗೆಂದು ನೆಟ್ಟ ಅತ್ತಿಯ ಜಾತಿಯ ಮರಗಳು ಬೆಳೆದು, ಅವುಗಳ ಬೇರುಗಳು ಕಾಂಕ್ರೀಟಿನ ಹಾಸನ್ನು ಮೇಲಕ್ಕೆತ್ತಿ ಒಡೆದುಬಿಟ್ಟವು. ನೆರಳು ದಾರಿಹೋಕರೆಲ್ಲರಿಗೂ ಸಿಕ್ಕಿತು. ದುರಸ್ತಿಯ ಪಟ್ಟಿಯನ್ನು ಮನೆಯವನೊಬ್ಬನ ಕೈಗೆ ಕೊಡುವುದು ನ್ಯಾಯವೆ? ಅಲ್ಲವೆಂದು ಮನಗಂಡ ನಗರಾಡಳಿತವು 1970ರ ದಶಕದಲ್ಲಿ ಬೇರಿನಿಂದಾದ ಹಾನಿಯ ಹೊಣೆಯನ್ನು ತಾನೇ ಹೊತ್ತುಕೊಂಡಿತು. ಕೇಂದ್ರದಿಂದ ಬಂದ ಹಣ ಕೆಲವೇ ವರ್ಷಗಳಲ್ಲಿ ಮುಗಿಯಿತು. ಬಳಿಕ ದಶಕಗಳ ಕಾಲ ಹೊಣೆ ಕಾಗದದ ಮೇಲೆ ನಗರದ್ದಾಗಿಯೂ ಹಾದಿ ಒಡೆದೇ ಇತ್ತು.

ಅಷ್ಟರಲ್ಲಿ ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆ 1990ರಲ್ಲಿ ಅಂಗೀಕಾರವಾಗಿತ್ತು. ಪಾದಚಾರಿ ಮಾರ್ಗಗಳೂ ಆ ಕಾಯಿದೆಯ ವ್ಯಾಪ್ತಿಗೆ ಸೇರುತ್ತವೆಂದು ಸ್ಯಾಕ್ರಮೆಂಟೊ ನಗರದ ಮೊಕದ್ದಮೆಯಲ್ಲಿ 2002ರಲ್ಲಿ ತೀರ್ಪಾಯಿತು. ಲಾಸ್ ಏಂಜಲಿಸಿನ ಅಂಗವಿಕಲರು 2010ರಲ್ಲಿ ನ್ಯಾಯಾಲಯದ ಮೊರೆಹೊಕ್ಕರು. 2016ರಲ್ಲಿ ಊರ್ಜಿತವಾದ ರಾಜಿಯ ಪ್ರಕಾರ ನಗರವು 30 ವರ್ಷಗಳಲ್ಲಿ 130 ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ಈ ಕೆಲಸಕ್ಕೆ ವೆಚ್ಚಮಾಡಲು ಒಪ್ಪಿಕೊಂಡಿತು. ಆದರೂ ಅದೇ ವರ್ಷ ನಗರಾಡಳಿತವು ಕೈಗೊಂಡ ನೀತಿ ನೋಡಿ: ಒಮ್ಮೆ ಸರಿಪಡಿಸಿ, ವಾಸದ ಮನೆಗಳಿಗೆ 20 ವರ್ಷಗಳ ಖಾತರಿ ಕೊಟ್ಟು, ಹೊಣೆಯನ್ನು ಮತ್ತೆ ಮನೆಯವನಿಗೇ ಒಪ್ಪಿಸುವುದು!

ಬೇರೆ ದಾರಿಯೇ ಇಲ್ಲವೆಂದಲ್ಲ. ನ್ಯೂಯಾರ್ಕ್ ರಾಜ್ಯದ ಇಥಾಕ ಎಂಬ ಸಣ್ಣ ಊರು ಮನೆಮನೆಯ ಹೊಣೆಯನ್ನು ಕೈಬಿಟ್ಟು, ಊರನ್ನು ಐದು ವಿಭಾಗಗಳಾಗಿ ಮಾಡಿ, ಸಣ್ಣ ಮನೆಗಳಿಗೆ ವರ್ಷಕ್ಕೆ 70 ಡಾಲರುಗಳಂತೆ ಶುಲ್ಕವನ್ನು ಗೊತ್ತುಪಡಿಸಿತು. ಕೊಲರಾಡೊ ರಾಜ್ಯದ ಡೆನ್ವರ್ ನಗರದ ಮತದಾರರು 2022ರ ನವೆಂಬರಿನಲ್ಲಿ ತಾವೇ ಮತ ನೀಡಿ, ದುರಸ್ತಿಯ ಹೊಣೆಯನ್ನು ಮನೆಯವರಿಂದ ನಗರಕ್ಕೆ ವರ್ಗಾಯಿಸಿದರು. ಮನೆಯ ಮುಂಭಾಗದ ಉದ್ದಕ್ಕೆ ತಕ್ಕಂತೆ ಶುಲ್ಕವಿರಬೇಕೆಂಬುದು ಮೊದಲಿನ ನಿಯಮ. ಎರಡು ಬೀದಿಗಳಿಗೆ ಮುಖಮಾಡಿದ ಮೂಲೆಮನೆಯವರು ಕೂಗೆಬ್ಬಿಸಿದರು. ಅವರ ಅಳಲಿನಲ್ಲಿ ಹುರುಳಿತ್ತು. ಮೂಲೆಮನೆಯಲ್ಲಿರುವವನು ಎರಡು ಪಟ್ಟು ನಡೆಯುತ್ತಾನೆಯೆ? 2024ರಲ್ಲಿ ನಗರದ ಪರಿಷತ್ತು ಅದನ್ನು ತಿದ್ದಿ, ಸಾಮಾನ್ಯ ಮನೆಗೆ ವರ್ಷಕ್ಕೆ 150 ಡಾಲರುಗಳ ಏಕಶುಲ್ಕವನ್ನು ನಿಗದಿಮಾಡಿತು. ಮುಂಭಾಗವು 230 ಅಡಿಗಳನ್ನು ಮೀರಿದರೆ ಮಾತ್ರ ಹೆಚ್ಚುವರಿ. 2025ರ ಜನವರಿಯಿಂದ ಇದು ಜಾರಿಗೆ ಬಂದಿತು.

ಮೊನ್ನೆ ತಾನೇ ಸ್ವಂತ ಹಣದಿಂದ ದುರಸ್ತಿ ಮಾಡಿಸಿದವನು ಇಂಥ ಶುಲ್ಕವನ್ನು ಏಕೆ ಕಟ್ಟಬೇಕೆಂದು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಅವನು ದಿನವೂ ನಡೆಯುವುದು ತನ್ನ ಮನೆಯ ಮುಂದಿನ ನಲವತ್ತು ಅಡಿಗಳಲ್ಲಿ ಅಲ್ಲ. ಅವನ ಮಗಳು ಶಾಲೆಗೂ ಅವನ ತಾಯಿ ಔಷಧಾಲಯಕ್ಕೂ ಹೋಗುವುದು ಇತರರ ಮನೆಗಳ ಮುಂದೆ ಹಾದು. ಹೊಣೆ ಬದಿಯಲ್ಲಿ ವಾಸಿಸುವವನದಲ್ಲ, ಬಳಸುವವರೆಲ್ಲರದು. ಹಾಗೆಂದು ಕೆಡಿಸಿದವನು ದಂಡ ತೆರಬೇಕಾದಲ್ಲಿ ಊರು ಅದನ್ನು ತೆರಬೇಕಾಗಿಲ್ಲ. ಕರ್ನಾಟಕದ ನಗರಗಳಲ್ಲಿ ಕಾರು ಒಳಗೆ ಹೋಗಲೆಂದು ಗೇಟಿನ ಮುಂದೆ ಸಿಮೆಂಟಿನ ಇಳಿಜಾರನ್ನು ಕಟ್ಟಿ ಪಾದಚಾರಿ ಮಾರ್ಗವನ್ನು ತುಂಡರಿಸಿದವರುಂಟು. ಆ ಭಾಗವನ್ನು ಸಮಗೊಳಿಸುವ ವೆಚ್ಚವನ್ನು ಅವರಿಂದಲೇ ವಸೂಲು ಮಾಡುವುದು ಸರಿಯಾದ ಕ್ರಮ.

ಹಣವಿಲ್ಲವೆಂಬ ಉತ್ತರವನ್ನು ಸ್ಥಳೀಯ ಸಂಸ್ಥೆಗಳು ಎಲ್ಲ ದೇಶಗಳಲ್ಲಿಯೂ ಕೊಡುತ್ತವೆ. ಮಧ್ಯಪ್ರದೇಶದ ರತ್ಲಾಂ ನಗರಸಭೆಯು ಚರಂಡಿ ಕಟ್ಟಿಸಲು ಹಣವಿಲ್ಲವೆಂದು ವಾದಿಸಿದಾಗ, 1980ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಅದೇ ನ್ಯಾಯಾಲಯ 2025ರ ಮೇ ತಿಂಗಳಿನಲ್ಲಿ, ಪಾದಚಾರಿ ಮಾರ್ಗವನ್ನು ಬಳಸುವುದು ಸಂವಿಧಾನದ 21ನೆಯ ವಿಧಿಯಡಿ ಬರುವ ಹಕ್ಕೆಂದು ಹೇಳಿ, ಅದಕ್ಕಾಗಿ ಮಾರ್ಗಸೂಚಿಗಳಿರಬೇಕೆಂದು ರಾಜ್ಯಗಳಿಗೆ ನಿರ್ದೇಶನ ನೀಡಿತು. ಮಾರ್ಗಸೂಚಿಯಿಂದ ಚಪ್ಪಡಿ ಕೂರುವುದಿಲ್ಲ. ಡೆನ್ವರಿನಲ್ಲಿ ಸಂಗ್ರಹವಾದ ಶುಲ್ಕವು ಪಾದಚಾರಿ ಮಾರ್ಗಗಳಿಗೆಂದೇ ಮೀಸಲಾದ ನಿಧಿಗೆ ಸೇರುತ್ತದೆ. ಇಲ್ಲಿನ ನಗರಸಭೆಗಳ ಆಯವ್ಯಯದಲ್ಲಿಯೂ ರಸ್ತೆಯ ಲೆಕ್ಕದೊಳಗೆ ಬೆರೆತು ಹೋಗದಂತೆ ಪಾದಚಾರಿ ಮಾರ್ಗಕ್ಕೆ ಅದರದೇ ಒಂದು ಬಾಬು ಇದ್ದರೆ, ವರ್ಷದ ಕೊನೆಯಲ್ಲಿ ಎಷ್ಟು ಹಣ ಬಂದಿತು, ಯಾವ ಬೀದಿಗೆ ಸಂದಿತು ಎಂದು ಕೇಳಲು ನಾಗರಿಕರಿಗೆ ಅವಕಾಶವಾಗುತ್ತದೆ.