ಹೆಣ ಎಣಿಸಬಹುದು, ಕಾರಣ ಕೇಳಬಾರದು!

ಜಗತ್ತಿಗೆಲ್ಲ ಶಾಂತಿಯ ಪಾಠ ಹೇಳುವ ಅಮೆರಿಕವು, ತನ್ನ ಮಕ್ಕಳು ಏಕೆ ಗುಂಡಿಗೆ ಬಲಿಯಾಗುತ್ತಿದ್ದಾರೆ ಎಂದು ಕೇಳುವವರ ಕೈಯನ್ನು ಎರಡು ದಶಕಗಳಿಗೂ ಮೀರಿ ಕಟ್ಟಿಹಾಕಿತ್ತು. ನಾವಿದನ್ನು ಆವೇಶದಿಂದ ಹೇಳುತ್ತಿಲ್ಲ. ಆ ದೇಶದ ಬಜೆಟ್ ಕಡತಗಳೇ ಇದಕ್ಕೆ ಸಾಕ್ಷಿ.

1993ರಲ್ಲಿ ಆರ್ಥರ್ ಕೆಲ್ಲರ್‌ಮನ್ ಮತ್ತವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಬಂದೂಕು ಇರುವ ಮನೆಯೊಳಗೆ ಕೊಲೆ ನಡೆಯುವ ಅಪಾಯ ಸುಮಾರು 2.7 ಪಟ್ಟು ಹೆಚ್ಚು ಎಂಬುದು ಅವರು ಕಂಡುಕೊಂಡ ಸಂಗತಿ. ರಕ್ಷಣೆಗೆಂದು ತಂದಿಟ್ಟ ಆಯುಧವೇ ಮನೆಮಂದಿಗೆ ಮೃತ್ಯುವಾಗಬಹುದು ಎಂದಾಯಿತು. ಅಧ್ಯಯನಕ್ಕೆ ಹಣ ಕೊಟ್ಟದ್ದು ಸರಕಾರದ್ದೇ ರೋಗ ನಿಯಂತ್ರಣ ಸಂಸ್ಥೆ, ಸಿಡಿಸಿ. ಬಂದೂಕುದಾರರ ಪ್ರಬಲ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕೆರಳಿತು. ಅಧ್ಯಯನ ತಪ್ಪಾಗಿದ್ದರೆ ಇನ್ನೊಂದು ಅಧ್ಯಯನದಿಂದ ಅದನ್ನು ಖಂಡಿಸಬಹುದಿತ್ತಲ್ಲವೇ? ಪ್ರಾಮಾಣಿಕರ ದಾರಿ ಅದು. ಆದರೆ ಸಂಘಟನೆ ಹಿಡಿದದ್ದು ಸಂಶೋಧನೆಯ ಕತ್ತು ಹಿಸುಕುವ ದಾರಿಯನ್ನು.

1996ರಲ್ಲಿ ಸಂಸದ ಜೇ ಡಿಕಿಯವರ ಹೆಸರಿನ ತಿದ್ದುಪಡಿ ಬಂತು. ಬಂದೂಕು ನಿಯಂತ್ರಣವನ್ನು ಪ್ರತಿಪಾದಿಸಲು ಸಿಡಿಸಿಯ ಹಣವನ್ನು ಬಳಸಕೂಡದು ಎಂಬುದು ಅದರ ತಾತ್ಪರ್ಯ. ಗಮನಿಸಿ, ಸಂಶೋಧನೆಯನ್ನು ಅದು ನೇರವಾಗಿ ನಿಷೇಧಿಸಲಿಲ್ಲ. ನಿಷೇಧದ ಅಗತ್ಯವೂ ಬೀಳಲಿಲ್ಲ. ಹಿಂದಿನ ವರ್ಷ ಬಂದೂಕಿನ ಗಾಯಗಳ ಸಂಶೋಧನೆಗೆ ವ್ಯಯವಾಗಿದ್ದ 26 ಲಕ್ಷ ಡಾಲರಿನಷ್ಟೇ ಮೊತ್ತವನ್ನು ಅದೇ ಬಜೆಟಿನಲ್ಲಿ ಕಸಿದು, ಮೆದುಳಿನ ಗಾಯಗಳ ಅಧ್ಯಯನಕ್ಕೆ ವರ್ಗಾಯಿಸಲಾಯಿತು. ಲೆಕ್ಕ ಅಷ್ಟು ಕರಾರುವಾಕ್ಕಾಗಿರುವಾಗ ಅದರ ಅರ್ಥ ಯಾವ ಅಧಿಕಾರಿಗೆ ತಾನೇ ಆಗದು?

ಕೊಲಂಬೈನ್ ಶಾಲೆಯ ಹತ್ಯಾಕಾಂಡದ ಮರುವರ್ಷ, 2000ದಲ್ಲಿ, ಯುವಜನರ ಹಿಂಸೆಯನ್ನು ತಡೆಯುವ ಅಧ್ಯಯನ ಕೇಂದ್ರಗಳಿಗೆ ಇದೇ ಸಂಸತ್ತು ಹಣ ಕೊಟ್ಟಿತು. ಯುವಕನ ಮನಸ್ಸನ್ನು ಶೋಧಿಸಬಹುದು, ಅವನ ಮನೆ, ನೆರೆಕೆರೆಯನ್ನು ಶೋಧಿಸಬಹುದು. ಅವನ ಕೈಯಲ್ಲಿರುವ ಬಂದೂಕಿನ ಮಾತು ಬಂದಾಗ ಮಾತ್ರ ಅದೇ ಭಯ! 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಹತರಾದ ಬಳಿಕ ಅಧ್ಯಕ್ಷ ಒಬಾಮ ಸಂಶೋಧನೆ ಆರಂಭಿಸಲು ಸೂಚಿಸಿದರೂ ಸಂಸತ್ತು ಹಣ ನೀಡಲಿಲ್ಲ.

ಸಂಶೋಧನೆಯೆಂದರೆ ಬಂದೂಕು ಕಸಿಯುವ ಹುನ್ನಾರ ಎಂಬುದು ವಿರೋಧಿಗಳ ವಾದ. ಟೊಳ್ಳು ವಾದವಿದು. ರಸ್ತೆ ಅಪಘಾತಗಳ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಯಿತು. ಯಾರ ಕಾರನ್ನಾದರೂ ಕಸಿಯಲಾಯಿತೇ? ಸೀಟ್ ಬೆಲ್ಟ್ ಬಂತು, ಏರ್‌ಬ್ಯಾಗ್ ಬಂತು, ಸಾವು ಇಳಿಯಿತು. 2020ರಲ್ಲಿ 1ರಿಂದ 19 ವರ್ಷದವರ ಸಾವಿನ ಕಾರಣಗಳಲ್ಲಿ ಬಂದೂಕು ವಾಹನ ಅಪಘಾತವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತು. ಒಂದನ್ನು ಅರಿಯಲು ಯತ್ನಿಸಲಾಗಿತ್ತು, ಇನ್ನೊಂದನ್ನು ಅರಿಯದಂತೆ ನೋಡಿಕೊಳ್ಳಲಾಗಿತ್ತು.

ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಶಸ್ತ್ರಚಿಕಿತ್ಸಕ ಜೊನಾಥನ್ ಶೆಫರ್ಡ್ ಮಾಡಿದ್ದು ಬಹಳ ಸರಳ ಕೆಲಸ. ಹೊಡೆದಾಟದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬರುವವರಲ್ಲಿ ಬಹಳಷ್ಟು ಮಂದಿ ಪೊಲೀಸರ ಬಳಿಗೆ ಹೋಗುವುದೇ ಇಲ್ಲವೆಂದು ಅವರು ಗುರುತಿಸಿದರು. ಎಲ್ಲಿ, ಎಷ್ಟು ಹೊತ್ತಿಗೆ, ಯಾವುದರಿಂದ ಹೊಡೆದರು ಎಂದಷ್ಟೇ ಕೇಳಿ, ಹೆಸರು ಮರೆಮಾಚಿ, ಆ ಮಾಹಿತಿಯನ್ನು ಪೊಲೀಸರಿಗೂ ನಗರಾಡಳಿತಕ್ಕೂ ತಲುಪಿಸುವ ವ್ಯವಸ್ಥೆಯಾಯಿತು. ಇದನ್ನು ಅಳವಡಿಸಿಕೊಳ್ಳದ ಅಂಥದೇ ನಗರಗಳಿಗೆ ಹೋಲಿಸಿದರೆ ಹಿಂಸೆಯಿಂದ ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ ಅಲ್ಲಿ ಶೇ. 42ರಷ್ಟು ಕಡಿಮೆಯಾಯಿತೆಂದು 2011ರ ಅಧ್ಯಯನ ಹೇಳಿತು. ಅಪರಾಧಿಗೆ ಗಲ್ಲಾಗಲಿ ಎಂದು ಕೂಗುವುದಕ್ಕಿಂತ ಇದು ಅಗ್ಗದ್ದು. ಆದರೆ ಇದರಲ್ಲಿ ಮತ ಹುಟ್ಟುವುದಿಲ್ಲ!

ಸ್ವತಃ ಡಿಕಿಯವರೇ ಪಶ್ಚಾತ್ತಾಪಪಟ್ಟರು. ತಾವು ಯಾರ ಹಣ ನಿಲ್ಲಿಸಿದ್ದರೋ ಆ ಕೇಂದ್ರದ ಮುಖ್ಯಸ್ಥರಾಗಿದ್ದ ಮಾರ್ಕ್ ರೋಸೆನ್‌ಬರ್ಗ್ ಜೊತೆಗೂಡಿ, ಸಂಶೋಧನೆ ನಡೆಯಲೇಬೇಕೆಂದು 2012ರಲ್ಲಿ ಪತ್ರಿಕೆಯಲ್ಲಿ ಬರೆದರು. ಈ ಧೈರ್ಯವನ್ನು ನಾವು ಮೆಚ್ಚಲೇಬೇಕು. 2017ರಲ್ಲಿ ಅವರು ತೀರಿಕೊಂಡರು. 2019ರ ಕೊನೆಯಲ್ಲಷ್ಟೇ ಎರಡು ಸಂಸ್ಥೆಗಳಿಗೆ ಸೇರಿ 2.5 ಕೋಟಿ ಡಾಲರ್ ಮಂಜೂರಾಯಿತು.

ತೆರೆದ ಬಾಗಿಲು ಹೆಚ್ಚು ಕಾಲ ತೆರೆದಿರಲಿಲ್ಲ. 2025ರ ಏಪ್ರಿಲಿನಲ್ಲಿ ಸಿಡಿಸಿಯ ಹಿಂಸೆ ತಡೆ ವಿಭಾಗದ ಬಹಳಷ್ಟು ಸಿಬ್ಬಂದಿಯನ್ನು ಮನೆಗೆ ಕಳುಹಿಸಲಾಯಿತು. ಅದೇ ತಿಂಗಳು ನ್ಯಾಯ ಇಲಾಖೆಯು ನೂರಾರು ಅನುದಾನಗಳನ್ನು ರದ್ದುಪಡಿಸಿತು. ಬೀದಿಗಳಲ್ಲಿ ಹುಡುಗರ ನಡುವಿನ ಸೇಡನ್ನು ಗುಂಡು ಹಾರುವ ಮೊದಲೇ ಶಮನಗೊಳಿಸುತ್ತಿದ್ದ ಯೋಜನೆಗಳೂ ಅವುಗಳಲ್ಲಿದ್ದವು. ಅವು ಇಲಾಖೆಯ ಆದ್ಯತೆಗಳಿಗೆ ಹೊಂದುವುದಿಲ್ಲ ಎಂಬುದು ಕೊಡಲಾದ ಕಾರಣ.