ಚಿಪ್ಪಿಲ್ಲದ ಮೊಟ್ಟೆ

ಹೋದ ತಿಂಗಳು ಒಂದು ಬೆಳಿಗ್ಗೆ ಕೋಳಿಗೂಡಿಗೆ ಕೈಹಾಕಿದರೆ ಸಿಕ್ಕ ಮೊಟ್ಟೆ ನೀರು ತುಂಬಿದ ಬಲೂನಿನಂತೆ ಮೆತ್ತಗಿತ್ತು. ಚಿಪ್ಪೇ ಇಲ್ಲ, ಬರೀ ತೆಳು ಪೊರೆ. ಪುಣೆಯ ಹೊರವಲಯದ ಈ ಬಾಡಿಗೆ ಮನೆಯ ಹಿತ್ತಲಲ್ಲಿ ನಾಲ್ಕು ಗಿರಿರಾಜ ಕೋಳಿ ಸಾಕಲು ಶುರುಮಾಡಿ ವರ್ಷವಾಯಿತು. ಅವುಗಳಲ್ಲೊಂದು ಅಂದು ಮೂಲೆಯಲ್ಲಿ ಕೂತದ್ದು ಏಳಲೇ ಇಲ್ಲ. ಮಗಳು ಶಾಲೆಗೇ ಹೋಗಲ್ಲ ಅಂತ ಹಟ ಹಿಡಿದಳು.

ತಪ್ಪು ನನ್ನದೇ. ಉಳಿದ ಅನ್ನ, ಚಪಾತಿ, ಒಂದಿಷ್ಟು ಜೋಳ ಹಾಕಿ, ಅಂಗಡಿ ಫೀಡ್ ನಮಗೆ ಬೇಡ ಎಂದು ಬೀಗುತ್ತಿದ್ದೆ. ಧಾನ್ಯದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಬೇಕು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ದಿನವೂ ಮೊಟ್ಟೆಯಿಡುವ ಕೋಳಿಗೆ 4 ಗ್ರಾಂವರೆಗೆ ಸಿಗಬೇಕು. ಸಿಗದಿದ್ದರೆ ಅದು ತಕ್ಷಣ ಮೊಟ್ಟೆ ನಿಲ್ಲಿಸುವುದಿಲ್ಲ, ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ. ನಮ್ಮ ಕೋಳಿ ಕೂತುಬಿಟ್ಟದ್ದು ಹಾಗೆ. ಪಶುವೈದ್ಯರು ಕ್ಯಾಲ್ಸಿಯಂ ಕೊಟ್ಟು, ನನಗೂ ನಾಲ್ಕು ಮಾತು ಕೊಟ್ಟು ಕಳಿಸಿದರು. ಮೂರನೇ ದಿನ ಎದ್ದಿತು. ಈಗಲೂ ಕೊಂಚ ಕುಂಟುತ್ತದೆ.

ಈಗ ಲೇಯರ್ ಫೀಡ್ ಜೊತೆಗೆ ಬೇರೆ ಬಟ್ಟಲಲ್ಲಿ ಶೆಲ್ ಗ್ರಿಟ್ ಇಡುತ್ತೇನೆ. ಪಶು ಆಹಾರದ ಅಂಗಡಿಯಲ್ಲಿ ಸಿಗುತ್ತದೆ. ಫೀಡಿಗೆ ಬೆರೆಸುವುದಿಲ್ಲ, ಬೇಕಾದ ಕೋಳಿ ಬೇಕಾದಷ್ಟು ಹೆಕ್ಕುತ್ತದೆ. ಪುಡಿಗಿಂತ ಚೂರು ಒಳ್ಳೆಯದು. ಚಿಪ್ಪು ಹೆಚ್ಚಾಗಿ ಕಟ್ಟುವುದು ಕೋಳಿ ಮೇಯದ ರಾತ್ರಿಯಲ್ಲಿ. ಸಂಜೆ ನುಂಗಿದ ಚೂರು ಕಾಳು ಅರೆಯುವ ಚೀಲದಲ್ಲಿ ಕೂತು ನಿಧಾನಕ್ಕೆ ಕರಗುತ್ತದೆ. ಮನೆಯ ಮೊಟ್ಟೆ ಚಿಪ್ಪನ್ನೂ ಕೊಡಬಹುದು, ಆದರೆ ಚೆನ್ನಾಗಿ ಹುರಿದು ಜಜ್ಜಿ. ಹಾಗೇ ಎಸೆದರೆ ರುಚಿ ಹತ್ತಿ ಗೂಡಿನ ಮೊಟ್ಟೆಗೂ ಕೊಕ್ಕು ಹಾಕುತ್ತವೆ. ಮರಿಗಳಿಗೆ ಮಾತ್ರ ಇದು ಬೇಡ, ಕಿಡ್ನಿಗೆ ಪೆಟ್ಟು.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ನಕ್ಕಳು. "ನಾವೇನ್ ಕೋಳಿಗೆ ಮದ್ದು ಕೊಡ್ತಿದ್ವಾ ಮಗಾ? ಬೇಕಾದ್ರೆ ಎಲೆಗೆ ಹಚ್ಚೋ ಸುಣ್ಣ ಹಾಕು." ಸುಣ್ಣ ಬೇಡಮ್ಮಾ, ಬಾಯಿ ಸುಡುತ್ತೆ ಅಂದೆ. ಕುಮಟೆಯ ನಮ್ಮ ಹೇಂಟೆಗಳು ಬೇಲಿ ದಾಟಿ ಬಸವನಹುಳು, ಕಪ್ಪೆಚಿಪ್ಪಿನ ಚೂರು ಹೆಕ್ಕುತ್ತಿದ್ದವು. ವರ್ಷಕ್ಕೆ ಇಡುತ್ತಿದ್ದುದೂ ಐವತ್ತೋ ಅರವತ್ತೋ ಮೊಟ್ಟೆ. ಗಿರಿರಾಜ ಅದರ ದುಪ್ಪಟ್ಟು ಇಡುತ್ತದೆ, ಅದೂ ಹತ್ತಡಿ ಹಿತ್ತಲಲ್ಲಿ.

ಮುಂದಿನ ವಾರ ಅಮ್ಮ ಬರುತ್ತಾಳೆ. ಕಡಲತಡಿಯ ಚಿಪ್ಪು ಒಂದು ಚೀಲ ತರುತ್ತಾಳಂತೆ. ಉಪ್ಪು ಹೋಗುವ ಹಾಗೆ ಎರಡು ಸಲ ತೊಳೆದು ತಾ ಅಂದಿದ್ದೇನೆ.