ಪಾಲಿನಲ್ಲಿ ಬಾರದ ಲೆಕ್ಕ

ಕೂಡು ಕುಟುಂಬ ಏಳಿಗೆಗೆ ಅಡ್ಡಿ ಅನ್ನೋರ ಮಾತು ನಾನು ಒಪ್ಪಲ್ಲ. ತಮ್ಮ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದಾಗ ಮನೆ ಅಡ್ವಾನ್ಸು ಕಟ್ಟಿದ್ದು ಊರಲ್ಲಿ ಹಸು ಮಾರಿದ ದುಡ್ಡಲ್ಲಿ. ಎರಡು ವರ್ಷ ರಾಗಿ, ಅವರೆಕಾಳು, ಕಾಯಿ ಎಲ್ಲಾ ಇಲ್ಲಿಂದಲೇ. ಆಮೇಲೆ ನಮ್ಮ ಬೋರ್‌ವೆಲ್ ಕೊರೆಸಿದ್ದು ಅವನ ಸಂಬಳದಲ್ಲಿ. ಹಳ್ಳಿ ಮನೆ, ಸಿಟಿ ಮನೆ ಒಂದನ್ನೊಂದು ಎತ್ತಿದ್ದು ಹೀಗೆ.

ಈಗ ಪಾಲಿನ ಮಾತು ಬಂದಿದೆ. ಇರೋದು 4 ಎಕರೆ 20 ಗುಂಟೆ. ಅಪ್ಪನ ಪೌತಿ ಖಾತೆ ಆಗಿ ಪಹಣಿ ಜಂಟಿಯಾಗಿದೆ, ಇನ್ನು 11ಇ ನಕ್ಷೆಗೆ ಅರ್ಜಿ ಹಾಕಬೇಕು. ತಂಗಿಗೂ ಸಮಪಾಲು, 2005ರ ತಿದ್ದುಪಡಿ ಆದ್ಮೇಲೆ ಅದರಲ್ಲಿ ತಕರಾರೇ ಇಲ್ಲ.

ಮೊನ್ನೆ ಎಲ್ಲರೂ ಕೂತಾಗ ಹಸುವಿನ ದುಡ್ಡೂ ಬಂತು, ಬೋರ್‌ವೆಲ್ ದುಡ್ಡೂ ಬಂತು. ಅಮ್ಮ ಹಾಸಿಗೆ ಹಿಡಿದ ಆರು ವರ್ಷ ಮೈ ತೊಳೆದು, ತುತ್ತು ಮಾಡಿ ತಿನ್ನಿಸಿದವಳು ನನ್ನ ಮನೆಯವಳು. ತಮ್ಮನ ಮಕ್ಕಳ ಬೇಸಿಗೆ ರಜೆಯೆಲ್ಲಾ ಅವಳ ಕೈಯಡುಗೆಯಲ್ಲೇ ಕಳೀತು. ಅದು ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ, ಅದೇ ನಾಚಿಕೆ.

ಪಾಲು ಮಾಡೋ ಮೊದಲು ಒಟ್ಟು ಜಮೀನಲ್ಲೇ ಅವಳ ಹೆಸರಿಗೆ 10 ಗುಂಟೆ ತೆಗೆದಿಡಬೇಕು ಅನ್ನೋದು ನನ್ನ ಮಾತು. ನನ್ನ ಪಾಲಿಂದ ಮಾತ್ರ ಕೊಟ್ರೆ ಅದು ಗಂಡ ಕೊಟ್ಟ ಉಡುಗೊರೆ ಆಗುತ್ತೆ, ದುಡಿಮೆಯ ಲೆಕ್ಕ ಆಗಲ್ಲ. ಭಾನುವಾರ ತಮ್ಮ ಬರ್ತಾನೆ, ಅವನ ಮುಂದೇನೇ ಹೇಳ್ತೀನಿ.

ಅವಳಿಗೆ ಹೇಳಿದೆ. "ಮೊದ್ಲು ಗ್ಯಾಸ್ ಬುಕ್ ಮಾಡಿ" ಅಂದ್ಲು.